ಚಕ್ರದ ಮೇಲಿನ ಮನೆಗೆ ಮಾಡಿನ ಎ.ಸಿ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ನಮ್ಮ ಹಿರಿಯರಲ್ಲಿ ಹಲವರು 'ಆರ್.ವಿ.' ನೋಡಿರುತ್ತಾರೆ. ಅಡುಗೆಮನೆ, ಮಂಚ, ಶೌಚಾಲಯ ಎಲ್ಲವೂ ಇರುವ ಬಸ್ಸಿನಂಥ ಗಾಡಿ. ಅರಿಜೋನಾದ ಬೇಸಿಗೆಯಲ್ಲಿ ಎ.ಸಿ. ಇಲ್ಲದಿದ್ದರೆ ಅದು ಒಲೆಯೇ ಸರಿ. ಫೀನಿಕ್ಸ್ ನಗರದಲ್ಲಿ 2023ರಲ್ಲಿ ಸತತ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ 43 ಡಿಗ್ರಿ, ಮುಟ್ಟಿತ್ತು ಇಲ್ಲವೇ ದಾಟಿತ್ತು.

ಈ ಗಾಡಿಗಳ ಮಾಡಿನಲ್ಲಿ ಗಾಳಿಗಾಗಿ 14 ಇಂಚು ಚೌಕದ ಕಿಂಡಿ ಇರುತ್ತದೆ. ಎ.ಸಿ. ಕೂರುವುದು ಅಲ್ಲಿಯೇ. ಸುಮಾರು 45 ಕಿಲೋ ತೂಗುವ ಪೆಟ್ಟಿಗೆಯನ್ನು ಇಬ್ಬರಾದರೂ ಸೇರಿ ಎತ್ತಿಯೇ ಇಡಬೇಕು; ಎಳೆದರೆ ಅಡಿಯ ಸ್ಪಂಜಿನ ಗ್ಯಾಸ್ಕೆಟ್ ಹರಿಯುತ್ತದೆ. ಒಳಗಿನಿಂದ ನಾಲ್ಕು ಬೋಲ್ಟ್‌ಗಳನ್ನು ಸಮನಾಗಿ ಬಿಗಿಯುತ್ತ, ಗ್ಯಾಸ್ಕೆಟ್ ಸುಮಾರು ಅರ್ಧ ಇಂಚಿಗೆ ಕುಗ್ಗಿದಾಗ ನಿಲ್ಲಿಸಬೇಕು. ಹೆಚ್ಚು ಬಿಗಿದಷ್ಟೂ ಭದ್ರ ಎಂಬುದು ತಪ್ಪು ಲೆಕ್ಕ. ಪೂರ್ತಿ ಚಪ್ಪಟೆಯಾದರೆ ನೀರು ತಡೆಯುವ ಗುಣವೇ ಹೋಗುತ್ತದೆ. ಸೋರಿದ ನೀರು ಮಾಡಿನೊಳಗಿನ ಪ್ಲೈವುಡ್ ಕೊಳೆಸುವುದು ಕಣ್ಣಿಗೆ ಬೀಳುವುದಿಲ್ಲ. ಬಿದ್ದಾಗ ರಿಪೇರಿ ಖರ್ಚು ಎ.ಸಿ.ಯ ಬೆಲೆಯನ್ನೇ ಮೀರಬಹುದು.

ಹೆಚ್ಚು ಬಳಕೆಯ 13,500 ಬಿ.ಟಿ.ಯು. ಯಂತ್ರ ನಮ್ಮಲ್ಲಿನ ಒಂದು ಟನ್ ಎ.ಸಿ.ಗಿಂತ ತುಸು ದೊಡ್ಡದು. ಅಲ್ಲಿನ 120 ವೋಲ್ಟ್‌ನಲ್ಲಿ ಓಡುವ ಇದಕ್ಕೆ 20 ಆಂಪಿಯರ್‌ನ ಪ್ರತ್ಯೇಕ ಬ್ರೇಕರ್ ಬೇಕು. ವೈರಿಗೆ ಕೈ ಹಾಕುವ ಮೊದಲು ಹೊರಗಿನ ಪ್ಲಗ್ ಕಿತ್ತು, ಜನರೇಟರ್ ನಿಲ್ಲಿಸುವುದು ಕಡ್ಡಾಯ. ತಂಗುದಾಣದ 30 ಆಂಪಿಯರ್ ಸಂಪರ್ಕದಲ್ಲಿ ಎ.ಸಿ., ಮೈಕ್ರೋವೇವ್, ಹೀಟರ್ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಎ.ಸಿ. ಇದೆಯಲ್ಲ ಎಂದು ಮಗುವನ್ನೋ ಸಾಕುನಾಯಿಯನ್ನೋ ಒಳಗೆ ಬಿಟ್ಟು ಹೋಗುವುದು ಇದಕ್ಕೇ ಅಪಾಯ.

ಹೊಸ ಎ.ಸಿ. ಓಡುವಾಗ ಗಾಡಿಯ ಹೊರಬದಿಯಲ್ಲಿ ನೀರಿಳಿದರೆ ಗಾಬರಿ ಬೇಡ. ಗಾಳಿಯ ತೇವ ಮಾಡಿನ ಮೇಲೆ ಹರಿದು ಬರುವುದು ಸಹಜ. ಒಳಗೆ ಹನಿ ಬಿದ್ದರೆ ಮಾತ್ರ ಬೋಲ್ಟ್ ನೋಡಬೇಕು.