ಬೀಳುವುದನ್ನು ಕಲಿಸಿದ ಗುರು

ಕಳೆದ ಮಳೆಗಾಲದಲ್ಲಿ ಒಂದೇ ವಾರ ಇಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. ಇಬ್ಬರಿಗೂ ಅರವತ್ತೈದು ದಾಟಿತ್ತು, ಇಬ್ಬರೂ ಜಾರಿ ಬಿದ್ದವರೇ. ಗೃಹಿಣಿಯೊಬ್ಬರು ಬಚ್ಚಲಲ್ಲಿ ಕಾಲು ಜಾರಿದಾಗ ಅಂಗೈ ಊರಿ ಮಣಿಕಟ್ಟು ಮುರಿದುಕೊಂಡಿದ್ದರು. ಇನ್ನೊಬ್ಬರು ಪಾಚಿ ಕಟ್ಟಿದ ಮೆಟ್ಟಿಲಿನಿಂದ ಉರುಳಿದ ನಿವೃತ್ತ ನೌಕರರು. ಅವರಿಗೆ ಮೊಣಕೈ ಬಳಿ ತರಚಿದ ಗಾಯ, ಅಷ್ಟೆ. ಚುಚ್ಚುಮದ್ದು ಕೊಡುತ್ತಾ, ಹೇಗೆ ಪಾರಾದಿರಿ ಎಂದು ಕೇಳಿದೆ.

“ಕಾಲೇಜಿನಲ್ಲಿದ್ದಾಗ ಎರಡು ವರ್ಷ ಜೂಡೋ ಕಲಿತಿದ್ದೆ ಡಾಕ್ಟ್ರೇ. ನಮ್ಮ ಮೇಷ್ಟ್ರು ಮೊದಲ ಎರಡು ತಿಂಗಳು ಬೀಳೋದು ಬಿಟ್ಟು ಬೇರೇನೂ ಕಲಿಸಲಿಲ್ಲ. ಬೇಜಾರಾಗಿ ಬಿಟ್ಟುಬಿಡೋಣ ಅನ್ನಿಸಿತ್ತು. ಮೊನ್ನೆ ಕಾಲು ಜಾರಿದಾಗ ಮೈ ತಾನಾಗಿಯೇ ಮುದುಡಿಕೊಂಡು ಉರುಳಿತು ನೋಡಿ” ಎಂದರು.

ಒಬ್ಬರು ಪಾರಾದದ್ದನ್ನೇ ಪುರಾವೆ ಎನ್ನಲಾಗದು. ಆ ಗೃಹಿಣಿಯ ಮೂಳೆಗಳು ಮೊದಲೇ ಸವೆದಿದ್ದವು. ಆದರೂ ಅವರ ಮಾತಿನಲ್ಲಿ ಹುರುಳಿದೆ. ಬೀಳುವಾಗ ಕೈ ಊರುವುದು ಎಲ್ಲರ ಸಹಜ ಚೇಷ್ಟೆ. ಆಗ ಇಡೀ ದೇಹದ ಭಾರ ಮಣಿಕಟ್ಟಿನ ಅಂಗೈಯಗಲದ ಜಾಗದ ಮೇಲೆ ಬೀಳುತ್ತದೆ. ಜೂಡೋದವರು ‘ಉಕೆಮಿ’ ಎಂದು ಕರೆಯುವ ಅಭ್ಯಾಸದಲ್ಲಿ ಗಲ್ಲವನ್ನು ಎದೆಗೆ ಒತ್ತಿ ತಲೆಯನ್ನು ಕಾಯುತ್ತಾರೆ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಉರುಳುತ್ತಾರೆ, ಕೈಯನ್ನು ಊರುವ ಬದಲು ಮುಂಗೈ ಸಮೇತ ಚಾಪೆಗೆ ಬಡಿಯುತ್ತಾರೆ. ಪೆಟ್ಟು ಒಂದೇ ಕಡೆ ನಾಟದೆ ಮೈಯೆಲ್ಲ ಹಂಚಿಹೋಗುತ್ತದೆ. ಸಾವಿರ ಸಲ ಮಾಡಿದ ಮೇಲೆ ಇದು ಸೈಕಲ್ ಸವಾರಿಯಂತೆ. ಮನಸ್ಸು ಮರೆತರೂ ನರಗಳು ಮರೆಯುವುದು ಕಡಿಮೆ.

ಜೂಡೋ ಹುಟ್ಟಿದ ಕಥೆಯಲ್ಲಿ ನಮ್ಮ ವೃತ್ತಿಗೂ ಒಂದು ಪಾಲಿದೆ. ಜಪಾನಿನ ಜಿಗೊರೊ ಕಾನೊ ಬಾಲ್ಯದಲ್ಲಿ ಕುಳ್ಳ, ನರಪೇತಲ. ಶಾಲೆಯಲ್ಲಿ ಬಲಿಷ್ಠ ಹುಡುಗರ ಕೈಲಿ ಪೆಟ್ಟು ತಿಂದು ಸಾಕಾಗಿ ಜುಜುತ್ಸು ಕಲಿಯಲು ಹೊರಟರೆ, ಕಾಲ ಬದಲಾಗಿ ಕಲಿಸುವವರೇ ಅಪರೂಪವಾಗಿದ್ದರು. ಆಗ ಅವರು ಹುಡುಕಿದ್ದು ಮೂಳೆ ಕೂರಿಸುವ ವೈದ್ಯರನ್ನು. ಹಳೆಯ ಜುಜುತ್ಸು ಪಟುಗಳಲ್ಲಿ ಅನೇಕರು ಆ ಕಸುಬಿನಿಂದ ಹೊಟ್ಟೆ ಹೊರೆಯುತ್ತಿದ್ದರು. (ನಮ್ಮ ಗರಡಿಮನೆಗಳ ಉಸ್ತಾದರೂ ಉಳುಕು ತೆಗೆಯುವುದುಂಟು, ಮುರಿದ ಮೂಳೆಗೆ ಮಾತ್ರ ದಯವಿಟ್ಟು ಎಕ್ಸ್‌ರೇ ಮಾಡಿಸಿ.) ಹೀಗೆ 1877ರಲ್ಲಿ ಸಿಕ್ಕಿದ ಗುರು ಹಚಿನೊಸುಕೆ ಫುಕುದಾ. ಒಂದು ಪಟ್ಟನ್ನು ಹಾಕುವುದು ಹೇಗೆಂದು ಕಾನೊ ಕೇಳಿದರೆ, ಗುರು ವಿವರಿಸುವ ಬದಲು ಮತ್ತೆ ಮತ್ತೆ ಎತ್ತಿ ಒಗೆಯುತ್ತಿದ್ದರಂತೆ. ಮೈತುಂಬ ಮುಲಾಮು ಬಳಿದುಕೊಂಡು ಓಡಾಡುತ್ತಿದ್ದ ಕಾನೊ ಅವರ ವಾಸನೆಗೆ ಸಹಪಾಠಿಗಳು ಗೇಲಿ ಮಾಡುತ್ತಿದ್ದರು.

ಗುರು ದೊರೆತದ್ದು ಎರಡೇ ವರ್ಷ. 1879ರಲ್ಲಿ ಫುಕುದಾ ತೀರಿಕೊಂಡರು. 1882ರಲ್ಲಿ ಕಾನೊ ತಮ್ಮದೇ ಕೊಡೊಕಾನ್ ಶಾಲೆ ತೆರೆದು ಅಪಾಯಕರ ಪಟ್ಟುಗಳನ್ನು ಎದುರಾಳಿ ಅಭ್ಯಾಸದಿಂದ ದೂರವಿಟ್ಟರು. ಬೀಳುವ ಕಲೆಗೆ ಮುಖ್ಯ ಸ್ಥಾನ ಕೊಟ್ಟರು. ಅಷ್ಟು ಮುಲಾಮು ಬಳಿದುಕೊಂಡವರಿಗೆ ಅದರ ಬೆಲೆ ಗೊತ್ತಿರಬೇಕು!

ಗುರುವಿನ ಮನೆಯನ್ನು ಅವರು ಮರೆಯಲಿಲ್ಲ. ಅರ್ಧ ಶತಮಾನದ ನಂತರ ಫುಕುದಾ ಅವರ ಮೊಮ್ಮಗಳು ಕೇಕೊಳನ್ನು ತಾವೇ ಜೂಡೋ ಕಲಿಯಲು ಕರೆದರು. ಹೂವಿನ ಅಲಂಕಾರ, ಚಹಾ ಸಂಪ್ರದಾಯ ಕಲಿತು ಬೆಳೆದಿದ್ದ, ಐದು ಅಡಿಯೂ ಇರದ ಹುಡುಗಿ ಆಕೆ. 1935ರಲ್ಲಿ ಸೇರಿದಳು. ಮೂರೇ ವರ್ಷಕ್ಕೆ, 1938ರಲ್ಲಿ, ವಿದೇಶ ಪ್ರವಾಸದಿಂದ ಮರಳುವಾಗ ಕಾನೊ ಹಡಗಿನಲ್ಲೇ ತೀರಿಕೊಂಡರು. ಹೊರದೇಶಗಳಿಗೆ ಹೋಗಿ ಜೂಡೋ ಕಲಿಸಿ ಎಂಬ ಅವರ ಮಾತು ಮಾತ್ರ ಕೇಕೊಗೆ ಉಳಿಯಿತು. ಮನೆಯವರು ನೋಡಿದ ಮದುವೆಯನ್ನು, ಜೂಡೋ ಬಿಡಬೇಕಾಗುತ್ತದೆಂದು ತಿಳಿದು, ಬೇಡವೆಂದರು. ಹೆಂಗಸರಿಗೆ ಐದನೆಯ ದರ್ಜೆಗಿಂತ ಮೇಲೆ ಕೊಡುವ ಪದ್ಧತಿ ಇಲ್ಲದ ಕಾರಣ ವರ್ಷಗಟ್ಟಲೆ ಅಲ್ಲೇ ನಿಂತರು. ಆರನೆಯದು ಸಿಕ್ಕಿದ್ದು 1972ರಲ್ಲಿ. 1966ರಲ್ಲೇ ಅಮೆರಿಕಕ್ಕೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿದ್ದ ಅವರು ಅಲ್ಲಿ ಹೆಂಗಸರಿಗೆ ಕಲಿಸುತ್ತಾ ಬಂದರು. ತೊಂಬತ್ತು ದಾಟಿದ ಮೇಲೂ ಕುರ್ಚಿಯಲ್ಲಿ ಕುಳಿತು ತಿದ್ದುತ್ತಿದ್ದರು. 2011ರಲ್ಲಿ ಅಮೆರಿಕದ ಜೂಡೋ ಸಂಸ್ಥೆ ಹತ್ತನೆಯ ದರ್ಜೆ ಕೊಟ್ಟಿತು. 2013ರಲ್ಲಿ ತೀರಿಕೊಂಡಾಗ ವಯಸ್ಸು 99.

ಅವರ ವಿಶೇಷ ಪರಿಣತಿ ‘ಜು ನೊ ಕತಾ’ ಎಂಬ ನಿಧಾನದ ಅಭ್ಯಾಸಕ್ರಮ. ಇದರಲ್ಲಿ ಎತ್ತಿ ಒಗೆಯುವುದಿಲ್ಲ. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲನೆ ದಾಟಿಸುವುದು, ತಿರುಗುವುದು, ಬಾಗುವುದು. ವೈದ್ಯನ ಕಣ್ಣಿಗೆ ಇದು ಸಮತೋಲನದ ವ್ಯಾಯಾಮ. ಚೀನಾದ ತಾಯ್ ಚಿ ಇದೇ ಬಗೆಯದು. ಅದನ್ನು ಮಾಡುವ ವೃದ್ಧರು ಬೀಳುವುದು ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಬೀಳುವುದನ್ನು ನಾವು ಕಾಯಿಲೆಯೆಂದು ಎಣಿಸುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ತೊಡೆಮೂಳೆಯ ಕತ್ತು ಮುರಿದು ಹಾಸಿಗೆ ಹಿಡಿದ ಅಜ್ಜಿಗೆ ಬೆನ್ನುಹುಣ್ಣು, ನ್ಯುಮೋನಿಯಾ ಒಂದರ ಹಿಂದೊಂದು ಬರುವುದನ್ನು ನೀವೂ ನೋಡಿರಬಹುದು.

ಹಾಗೆಂದು ಎಪ್ಪತ್ತರಲ್ಲಿ ಮನೆಯ ಗ್ರಾನೈಟ್ ನೆಲದ ಮೇಲೆ ಉರುಳಲು ಹೋಗಬೇಡಿ! ನಿಮಗೆ ಬೇಕಾದದ್ದು ಬೀಳದಿರುವ ಅಭ್ಯಾಸ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕುಳಿತುಕೊಳ್ಳಿ. ಕಿಟಕಿಯ ಸರಳು ಹಿಡಿದು ಒಂಟಿ ಕಾಲಲ್ಲಿ ಹತ್ತು ಎಣಿಸುವವರೆಗೆ ನಿಲ್ಲಿ. ವಾರಕ್ಕೆ ಮೂರು ದಿನವಾದರೂ ಇಂಥದ್ದು ಇರಲಿ. ನಿದ್ರೆ ಮಾತ್ರೆ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಎದ್ದಾಗ ತಲೆ ಸುತ್ತಿದರೆ ನಿಮ್ಮ ವೈದ್ಯರಿಗೆ ಹೇಳಿ. ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಕಣ್ಣಿನ ಪೊರೆ ಬಲಿಯಲಿ ಎಂದು ಕಾಯುವುದು ಹಳೆಯ ಮಾತು. ಬಚ್ಚಲ ಗೋಡೆಗೊಂದು ಹಿಡಿಕೆ ಹಾಕಿಸಲು ಬಡಗಿಗೆ ಅರ್ಧ ದಿನ ಸಾಕು. ಬಿದ್ದು ತಲೆಗೆ ಪೆಟ್ಟಾದವರು ವಾಂತಿ ಮಾಡಿದರೆ, ಮಂಪರಾದರೆ, ಅಥವಾ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಉರುಳುವುದನ್ನು ಕಲಿಯುವ ವಯಸ್ಸು ನಿಮ್ಮ ಮಕ್ಕಳದು. ಜೂಡೋ, ಕರಾಟೆ ತರಗತಿಗೆ ಸೇರಿಸುವ ಮೊದಲು ಒಂದು ಸಂಜೆ ಬಾಗಿಲ ಬಳಿ ನಿಂತು ನೋಡಿ. ನೆಲಕ್ಕೆ ದಪ್ಪ ಚಾಪೆ ಇದೆಯೆ? ಹೊಸಬರನ್ನು ಹಳಬರ ಕೈಗೆ ಒಪ್ಪಿಸಿ ಮೇಷ್ಟ್ರು ಫೋನಿನಲ್ಲಿ ಮುಳುಗಿದ್ದಾರೆಯೆ? ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ಅಂದೇ ಮತ್ತೆ ಕಣಕ್ಕೆ ಇಳಿಸುವುದು ಕಂಡರೆ, ಶುಲ್ಕ ಕಟ್ಟಿದ್ದರೂ ಬಿಡಿಸಿ.

ನನ್ನ ಆ ನಿವೃತ್ತ ರೋಗಿ ಈಚೆಗೆ ಮೊಮ್ಮಗಳನ್ನು ಜೂಡೋಗೆ ಸೇರಿಸಿದ್ದಾರೆ. ಮೂರು ವಾರವಾದರೂ ಬರೀ ಬೀಳುವುದನ್ನೇ ಕಲಿಸುತ್ತಿದ್ದಾರೆಂದು ಹುಡುಗಿಯ ದೂರು. ಅದನ್ನು ಕೇಳಿದ ತಾತ ಮಾರನೆಯ ದಿನವೇ ಹೋಗಿ ಇಡೀ ವರ್ಷದ ಶುಲ್ಕ ಕಟ್ಟಿ ಬಂದರಂತೆ.