ಕೈಗಾರಿಕೆಗಳ ಸ್ಥಳಾಂತರ: ಆರೋಗ್ಯದ ವೆಚ್ಚ ಯಾರ ಲೆಕ್ಕಕ್ಕೆ?

ನಗರ ಯೋಜನೆಯಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಸ್ಥಾನವಿರಬೇಕೆಂಬ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಅದರ ವೆಚ್ಚವನ್ನು ಯಾರು ಭರಿಸಬೇಕೆಂಬುದೇ ಪ್ರಶ್ನೆ. ಈ ದೃಷ್ಟಿಯಿಂದ ದೆಹಲಿಯ ಅನುಭವವು ಉದ್ಯಮಿಗಳ ಗಮನಕ್ಕೆ ಅರ್ಹವಾಗಿದೆ.

1990ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ದೆಹಲಿಯ ಮಹಾಯೋಜನೆಯು ಅಪಾಯಕಾರಿ ಕೈಗಾರಿಕೆಗಳನ್ನು ಮೂರು ವರ್ಷಗಳೊಳಗೆ ಸ್ಥಳಾಂತರಿಸಬೇಕೆಂದು ವಿಧಿಸಿತ್ತು. ಅವಧಿ ಮುಗಿಯಿತು, ಕಾರ್ಖಾನೆಗಳು ಅಲ್ಲಿಯೇ ಉಳಿದವು. ಕೊನೆಗೆ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಜುಲೈ 8ರಂದು, 168 ಘಟಕಗಳು ಅದೇ ವರ್ಷದ ನವೆಂಬರ್ 30ರಿಂದ ದೆಹಲಿಯಲ್ಲಿ ಕಾರ್ಯ ಸ್ಥಗಿತಗೊಳಿಸಬೇಕೆಂದು ಆದೇಶಿಸಿತು.

ಆದೇಶದ ನಿಜವಾದ ತೂಕವಿರುವುದು ಕಾರ್ಮಿಕರ ಕುರಿತ ಷರತ್ತುಗಳಲ್ಲಿ. ಸ್ಥಳಾಂತರಗೊಳ್ಳುವ ಘಟಕದಲ್ಲಿ ಅವರ ಸೇವೆಯು ಅಖಂಡವೆಂದು ಪರಿಗಣಿತವಾಗಬೇಕು. ಮುಚ್ಚಿದ ದಿನದಿಂದ ಹೊಸ ಸ್ಥಳದಲ್ಲಿ ಪುನರಾರಂಭವಾಗುವವರೆಗೆ ಪೂರ್ಣ ವೇತನ ಸಲ್ಲಬೇಕು. ತೆರಳಲು ಒಪ್ಪಿದವರಿಗೆ ಒಂದು ವರ್ಷದ ವೇತನದಷ್ಟು ಸ್ಥಳಾಂತರ ಬೋನಸ್ಸು ಬೇರೆ. ಯಂತ್ರಗಳ ಸಾಗಣೆ, ಹೊಸ ಷೆಡ್ಡುಗಳಿಗಷ್ಟೇ ಬಂಡವಾಳದ ಅಂದಾಜು ಮಾಡಿಕೊಂಡ ಮಾಲೀಕರ ಲೆಕ್ಕ ತಲೆಕೆಳಗಾಗುವುದು ಇಲ್ಲಿಯೇ.

ತೆರವಾದ ಭೂಮಿಯ ಬಗ್ಗೆ ಅದೇ ವರ್ಷದ ಮೇ ತಿಂಗಳ ಆದೇಶವು ಗಾತ್ರಾನುಸಾರ ಭೇದ ಮಾಡಿತ್ತು. 2,000 ಚದರ ಮೀಟರ್‌ವರೆಗಿನ ನಿವೇಶನದ ಮಾಲೀಕನು ಏನನ್ನೂ ಬಿಟ್ಟುಕೊಡಬೇಕಾಗಿರಲಿಲ್ಲ. ಅದನ್ನು ಮೀರಿ 5 ಹೆಕ್ಟೇರ್‌ವರೆಗಿದ್ದಲ್ಲಿ ಶೇಕಡಾ 57 ಭಾಗವನ್ನು ಹಸಿರು ಪ್ರದೇಶ ಮತ್ತಿತರ ಸಾರ್ವಜನಿಕ ಅಗತ್ಯಗಳಿಗೆ ಒಪ್ಪಿಸಬೇಕಿತ್ತು. ಸಣ್ಣ ಹಿಡುವಳಿದಾರನಿಗೆ ದೊರೆತ ಈ ರಿಯಾಯಿತಿ ನ್ಯಾಯಸಮ್ಮತವೇ ಸರಿ.

ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ದಿನಗೂಲಿ ಕಾರ್ಮಿಕನಿಗೆ ತನ್ನ ಸೇವೆಯನ್ನು ರುಜುವಾತುಪಡಿಸುವುದೇ ದುಸ್ತರವಾಯಿತು. ಆದೇಶವು ವಿಧಿಸಿದ ಪರಿಹಾರವು ದಾಖಲೆ ಇದ್ದವರ ಕೈಗೆ ಮಾತ್ರ ಎಟುಕುವಂತಿತ್ತು.