ಮಾಲೀಶ್ ಅಕ್ಕನ ಸ್ಕೂಟಿ

"ಅಕ್ಕಾರ, ದವಾಖಾನ್ಯಾಗ ಚಲೋ ನಡೀತಿದ್ರರಿ ನಮ್ಮ ಮಾವಾರು. ಮನಿಗೆ ಬಂದ ಮ್ಯಾಲೆ ಒಂದ ಹೆಜ್ಜಿ ಸೈತ ಇಡವಲ್ರು. ಸುಮ್ನ ಹಟಾ ಮಾಡಾಕತ್ತಾರ. ನೀವ ಬಂದ ಒಮ್ಮೆ ಬೈದ ಹೋಗ್ರಿ."

ಮೂಡಲಗಿ ತಾಲ್ಲೂಕಿನ ಕುಲಗೋಡದ ಕಡೆಯಿಂದ ಬಂದ ಫೋನ್ ಅದು. ಬೈಯುವುದು ನನ್ನ ಕೆಲಸವಲ್ಲ. ಆದರೂ ಸ್ಕೂಟಿ ಹತ್ತಿದೆ.

ಮುತ್ಯಾನಿಗೆ ಬಲಗೈ, ಬಲಗಾಲಿಗೆ ಲಕ್ವಾ ಹೊಡೆದಿತ್ತು. ಆಸ್ಪತ್ರೆಯಲ್ಲಿ ನಡೆದದ್ದು ಸುಳ್ಳಲ್ಲ. ಅಲ್ಲಿ ನೆಲಕ್ಕೆ ಟೈಲ್ಸ್, ಗೋಡೆಗುಂಟ ಹಿಡಿಕೆ, ಕುಳಿತರೆ ಪಾದ ನೆಲಕ್ಕೆ ತಾಗಿ ಸಲೀಸಾಗಿ ಏಳಬಹುದಾದಷ್ಟು ಎತ್ತರದ ಮಂಚ. ಮನೆಯಲ್ಲಿ ಹಗ್ಗದ ಹೊರಸು. ಕುಳಿತರೆ ಮೈ ಜೋಲಿಯೊಳಗೆ ಇಳಿದ ಹಾಗೆ. ಅದರಿಂದ ಏಳಲು ಗಟ್ಟಿಮುಟ್ಟಾಗಿರುವ ನನಗೇ ಎರಡು ಸಲ ಹೆಣಗಬೇಕಾಯಿತು. ಇನ್ನು ಪಡಸಾಲೆಯಿಂದ ಅಂಗಳಕ್ಕೆ ಬರಬೇಕೆಂದರೆ ಗೇಣೆತ್ತರಕ್ಕೂ ಮಿಗಿಲಾದ ಹೊಸ್ತಿಲು ದಾಟಬೇಕು. ಬಚ್ಚಲು ಇರುವುದು ಹಿತ್ತಲಲ್ಲಿ. ಮುತ್ಯಾ ಹಟ ಮಾಡುತ್ತಿರಲಿಲ್ಲ, ಬೀಳುತ್ತೇನೆಂದು ಹೆದರಿದ್ದರು. ಹೆದರಿದ್ದೇನೆ ಎಂದು ಸೊಸೆಯ ಮುಂದೆ ಹೇಳಲು ಅವರಿಗೆ ಮನಸ್ಸಿರಲಿಲ್ಲ, ಅಷ್ಟೆ.

ನಾನು ಫಿಜಿಯೋಥೆರಪಿ ಓದಿದವಳು. ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ. ಜತೆಗೆ ಓದಿದವರಲ್ಲಿ ಹೆಚ್ಚಿನವರು ಬೆಳಗಾವಿ, ಪುಣೆ, ಬೆಂಗಳೂರಿನ ಕ್ಲಿನಿಕ್‌ಗಳಲ್ಲಿದ್ದಾರೆ. ನಾನು ಗೋಕಾಕಿಗೆ ವಾಪಸಾಗಿ, ಆಸ್ಪತ್ರೆಯಿಂದ ಮನೆಗೆ ಬಂದವರನ್ನು ಅವರ ಮನೆಯಲ್ಲೇ ನೋಡುವ ಕೆಲಸಕ್ಕೆ ಸೇರಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕು ನನ್ನ ಓಡಾಟದ ಸೀಮೆ. ಊರಿನವರ ಬಾಯಲ್ಲಿ ನಾನು 'ಮಾಲೀಶ್ ಅಕ್ಕ'. ಮೊದಮೊದಲು ಸಿಟ್ಟು ಬರುತ್ತಿತ್ತು. ಮಾಲೀಶ್‌ ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತೇನೆ ಎಂದು ವಿವರಿಸಿ ವಿವರಿಸಿ ಈಗ ಬಿಟ್ಟುಬಿಟ್ಟಿದ್ದೇನೆ.

ನಮ್ಮ ಭಾಗದಲ್ಲಿ ದೊಡ್ಡ ಕಾಯಿಲೆ ಅಂದರೆ ಬೆಳಗಾವಿ, ಇಲ್ಲವೇ ಮಿರಜ, ಕೊಲ್ಹಾಪುರ. ವಾರವೋ ಹದಿನೈದು ದಿನವೋ ಅಲ್ಲಿದ್ದು, ಸಾಲ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಎಂಆರ್‌ಐ ಫಿಲಂ ಹಿಡಿದುಕೊಂಡು ಮನೆಗೆ ಬರುತ್ತಾರೆ. ಡಿಸ್ಚಾರ್ಜ್ ಹಾಳೆಯ ಕೊನೆಯಲ್ಲಿ 'ಫಿಜಿಯೋಥೆರಪಿ ಮುಂದುವರಿಸಿ' ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಎಲ್ಲಿ, ಯಾರು, ಹೇಗೆ ಎಂಬುದು ಇರುವುದಿಲ್ಲ. ಲಕ್ವಾ ಹೊಡೆದವರಲ್ಲಿ ಹೆಚ್ಚಿನ ಚೇತರಿಕೆ ಆಗುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ಆ ತಿಂಗಳುಗಳನ್ನು ಜನ ಹೊರಸಿನ ಮೇಲೆ ಕಳೆಯುತ್ತಾರೆ. ಪಾರಿವಾಳದ ರಕ್ತ ಹಚ್ಚಿದರೆ ಲಕ್ವಾ ಹೋಗುತ್ತದೆ ಎಂಬ ನಂಬಿಕೆ ಇಂದಿಗೂ ಇದೆ. ನಾನು ಅದನ್ನು ನೋಡಿ ನಗುವುದಿಲ್ಲ. ಬೇರೆ ಯಾರೂ ಮನೆಗೆ ಬಾರದಿದ್ದಾಗ ಪಾರಿವಾಳ ತಂದವನಾದರೂ ಬಂದನಲ್ಲ!

ಪಾರಿವಾಳದ ರಕ್ತಕ್ಕಿಂತ ಹೆಚ್ಚಿನ ಹಾನಿ ಪ್ರೀತಿಯಿಂದಲೇ ಆಗುವುದನ್ನು ಕಂಡಿದ್ದೇನೆ. ಮಗ ಅಪ್ಪನನ್ನು ಎಬ್ಬಿಸುವಾಗ ಸೋತ ಕೈಯನ್ನೇ ಹಿಡಿದು ಎಳೆಯುತ್ತಾನೆ. ಆ ಕೈಯ ಭುಜವನ್ನು ಹಿಡಿದಿಡುವ ಸ್ನಾಯುಗಳು ಆಗಲೇ ಸಡಿಲಾಗಿರುತ್ತವೆ. ನಾಲ್ಕು ದಿನ ಹಾಗೆ ಎಳೆದರೆ ಕೀಲು ಜಾರಿ ನೋವು ಶುರು, ಆಮೇಲೆ ವ್ಯಾಯಾಮವೆಂದರೆ ಮುಖ ತಿರುಗಿಸುತ್ತಾರೆ. ಓದುಗರೇ, ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಇದೊಂದನ್ನು ನೆನಪಿಡಿ: ಕೈ ಹಿಡಿದು ಎಳೆಯಬೇಡಿ, ಬೆನ್ನ ಹಿಂದೆ ಕೈ ಕೊಟ್ಟು ಎಬ್ಬಿಸಿ.

ಮುತ್ಯಾನ ಮನೆಯಲ್ಲಿ ನಾನು ಮೊದಲ ದಿನ ವ್ಯಾಯಾಮವನ್ನೇ ಮಾಡಿಸಲಿಲ್ಲ. ಹೊರಸಿನ ಕಾಲುಗಳ ಕೆಳಗೆ ಇಟ್ಟಂಗಿ ಇಡಿಸಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ಎರಡು ಕೌದಿ. ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಅದರ ಕೆಳಗೊಂದು ಬಕೆಟ್. ರಾತ್ರಿ ಹಿತ್ತಲಿಗೆ ಹೋಗುವ ಕಷ್ಟ ತಪ್ಪಿತು. ಹೊಸ್ತಿಲಿನದೇ ಪಂಚಾಯಿತಿ. ಅದನ್ನು ಕೊರೆಸಿ ಎಂದಿದ್ದರೆ ನನ್ನನ್ನೇ ಹೊರಗೆ ಕಳಿಸುತ್ತಿದ್ದರು. ಸೊಸೆ ದಿನಾ ಬೆಳಿಗ್ಗೆ ಅರಿಶಿನ ಕುಂಕುಮ ಹಚ್ಚುವ ಜಾಗ. ಅದಕ್ಕೇ ಎರಡೂ ಬದಿಗೆ ಅರ್ಧ ಎತ್ತರದ ಹಲಗೆ ಮೆಟ್ಟಿಲು ಮಾಡಿಸಿ, ಎಡಗೈಗೆ ಸಿಗುವಂತೆ ಚೌಕಟ್ಟಿನ ಎರಡೂ ಪಕ್ಕ ಹಿಡಿಕೆ ಹೊಡೆಸಿದೆವು. ಹೋಗುವಾಗ ಎಡಕ್ಕಿದ್ದದ್ದು ಬರುವಾಗ ಬಲಕ್ಕಾಗುತ್ತದಲ್ಲ! ಅದು ನನಗೂ ಹೊಳೆದಿರಲಿಲ್ಲ, ಬಡಿಗೇರ ಅಣ್ಣನೇ ಹೇಳಿದ್ದು. "ಹತ್ತುವಾಗ ಚಲೋ ಕಾಲು ಮುಂದ, ಇಳಿಯುವಾಗ ಲಕ್ವಾ ಕಾಲು ಮುಂದ" ಎಂದು ಮೊಮ್ಮಗಳಿಗೆ ಬಾಯಿಪಾಠ ಮಾಡಿಸಿದೆ. ಮುತ್ಯಾ ನನ್ನ ಮಾತಿಗಿಂತ ಅವಳ ಮಾತು ಕೇಳುತ್ತಾರೆ.

ಎಲ್ಲ ಮನೆಯಲ್ಲೂ ಹೀಗೇ ಆಗುವುದಿಲ್ಲ.

ಹುಕ್ಕೇರಿ ತಾಲ್ಲೂಕಿನ ಒಂದು ಊರಲ್ಲಿ ನನ್ನದೇ ವಯಸ್ಸಿನ ಹುಡುಗ. ಹಂಗಾಮಿನಲ್ಲಿ ಕಬ್ಬು ಹೇರುವಾಗ ಟ್ರ್ಯಾಕ್ಟರ್ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ, ಚಲನೆಯಿಲ್ಲ. ಡಿಸ್ಚಾರ್ಜ್ ಆದ ಸುದ್ದಿ ನನಗೆ ಬೇಗನೇ ತಿಳಿದಿತ್ತು. ಆ ವಾರ ಬೇರೆ ಕಡೆ ಓಡಾಟವಿತ್ತು, ಹೀಗಾಗಿ ಫೋನ್ ಮಾಡಿದೆ. "ಹ್ಯಾಂಗ ಅದಾನ್ರಿ?" ಎಂದೆ. "ಆರಾಮ ಅದಾನ್ರಿ, ಏನೂ ತ್ರಾಸ ಇಲ್ಲ, ಚಲೋ ನಿದ್ದಿ ಮಾಡ್ತಾನ" ಎಂದರು ಅವನ ಅವ್ವ. ಮುಂದಿನ ವಾರವೂ ಅದೇ ಪ್ರಶ್ನೆ, ಅದೇ ಉತ್ತರ. ನಾನು ಅವನ ಮನೆ ಮುಟ್ಟಿದ್ದು 19ನೇ ದಿನ.

ಅವನನ್ನು ಮಗ್ಗುಲಿಗೆ ಹೊರಳಿಸಿದಾಗ ವಾಸನೆ ಮೊದಲು ಬಂತು. ಬೆನ್ನ ಕೆಳಗೆ, ಬಾಲದೆಲುಬಿನ ಮೇಲೆ, ಅಂಗೈಯಗಲದ ಹುಣ್ಣು. ನೋವೇ ಗೊತ್ತಾಗದ ಮೈ ಅದು. ಅವನು ಆರಾಮಾಗಿಯೇ ಇದ್ದ! ಒಂದೇ ಭಂಗಿಯಲ್ಲಿ ಕೆಲವು ತಾಸು ಮಲಗಿದರೆ ಸಾಕು, ಎಲುಬಿನ ಮೇಲಿನ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯತೊಡಗುತ್ತದೆ. ನಮಗೆ ಚುರುಚುರು ಎನ್ನುತ್ತದೆ, ನಿದ್ದೆಯಲ್ಲೇ ಹೊರಳುತ್ತೇವೆ. ಅವನಿಗೆ ಆ ಗಂಟೆ ಬಾರಿಸುವ ನರವೇ ಕಡಿದಿತ್ತು. ಎರಡು ತಾಸಿಗೊಮ್ಮೆ ಬೇರೆ ಯಾರಾದರೂ ಹೊರಳಿಸಬೇಕು. ಅವ್ವ ಮನೆಯಲ್ಲಿದ್ದ ಅತಿ ಮೆತ್ತನೆಯ ಹಾಸಿಗೆ ಹಾಕಿ, ಮಗನ ನಿದ್ದೆ ಕೆಡದಿರಲೆಂದು ಯಾರನ್ನೂ ಮುಟ್ಟಗೊಟ್ಟಿರಲಿಲ್ಲ.

"ನಾ ಏನ ತಪ್ಪ ಮಾಡಿದ್ನಿ ತಂಗಿ?" ಎಂದು ಕೇಳಿದರು. ಅವರದೇನೂ ತಪ್ಪಿರಲಿಲ್ಲ. ಕೇಳಬೇಕಾದ ಪ್ರಶ್ನೆ ಬಿಟ್ಟು ಬೇರೆಯದನ್ನು ಎರಡು ಸಲ ಕೇಳಿದವಳು ನಾನು. ಹುಡುಗ ಮತ್ತೆ ಆಸ್ಪತ್ರೆ ಸೇರಿದ, ಮಾಂಸ ಕೊಳೆತದ್ದನ್ನು ಕತ್ತರಿಸಿದರು, ಒಂದು ಎಕರೆ ಲಾವಣಿಗೆ ಹೋಯಿತು. ನಾನು ಮೊದಲ ವಾರವೇ ಹೋಗಿದ್ದರೆ ಎಂಬ ಲೆಕ್ಕ ಆಗಾಗ ಹಾಕುತ್ತಿರುತ್ತೇನೆ.

ಅವನು ಎರಡನೇ ಸಲ ಮನೆಗೆ ಬಂದಾಗ ನಾನೊಬ್ಬಳೇ ಹೋಗಲಿಲ್ಲ. ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು ಅಣ್ಣನನ್ನೂ ಕರೆದೊಯ್ದೆ. ವಿಆರ್‌ಡಬ್ಲ್ಯು ಎಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳಲ್ಲಿ ಗೌರವಧನದ ಮೇಲೆ ದುಡಿಯುವ ಇವರು ಸ್ವತಃ ಅಂಗವಿಕಲರು. ಯುಡಿಐಡಿ ಕಾರ್ಡ್, ಮಾಸಾಶನದ ಅರ್ಜಿ ಎಲ್ಲ ಇವರ ಕೈಯಲ್ಲೇ ಸಾಗುವುದು. ಪೋಲಿಯೊ ಆದ ಆ ಅಣ್ಣ ಮೂರು ಗಾಲಿಯ ಸ್ಕೂಟರ್‌ನಲ್ಲಿ ಬಂದಿಳಿದು, ಊರುಗೋಲು ಊರಿಕೊಂಡು ಒಳಗೆ ಬಂದು, ಹುಡುಗನ ಪಕ್ಕ ಕುಳಿತು ಕ್ರಿಕೆಟ್ ಮಾತಾಡಿದ. ಅರ್ಧ ತಾಸು ನನಗೆ ಕೆಲಸವೇ ಇರಲಿಲ್ಲ. ಆಮೇಲೆ ಹುಡುಗ ತಾನಾಗಿಯೇ ಕೇಳಿದ: "ಗಾಲಿಕುರ್ಚಿ ಮ್ಯಾಲೆ ಕುಂತ್ರ ಮತ್ತ ಹುಣ್ಣ ಆಗೂದಿಲ್ಲೇನ?" ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡೂ ಕೈ ಊರಿ ಮೈ ಮೇಲೆತ್ತಬೇಕು ಎಂದು ತೋರಿಸಿಕೊಟ್ಟೆ. ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡ.

ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಅವರು ಕಟ್ಟಿದ ಎಪಿಡಿ ಸಂಸ್ಥೆ ಇಂಥ ಬೆನ್ನುಹುರಿ ಗಾಯಾಳುಗಳ ಪುನರ್ವಸತಿಗೆ ಹೆಸರಾದದ್ದು. ಹೋಗಿ ಬರೋಣವೆಂದು ಹೇಳಿ ನೋಡಿದೆ. ಹುಕ್ಕೇರಿಯಿಂದ 500 ಕಿ.ಮೀ.ಗೂ ಮೇಲೆ. "ಅಲ್ಲೀತನಕ ಹೊತಗೊಂಡ ಹೋಗವ್ರ ಯಾರು?" ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಮನೆಯವರಿಗೇ ಎಲ್ಲ ಕಲಿಸಿ ಕಳಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಇದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಿದ್ದಾರೆ. 14 ಆಸ್ಪತ್ರೆಗಳ 1,250 ಲಕ್ವಾ ರೋಗಿಗಳ ಮೇಲೆ ನಡೆದ 'ಅಟೆಂಡ್' ಅಧ್ಯಯನ 2017ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾಯಿತು. ಮನೆಯವರಿಗೆ ತರಬೇತಿ ಕೊಟ್ಟ ಗುಂಪಿಗೂ ಮಾಮೂಲಿ ಚಿಕಿತ್ಸೆಯ ಗುಂಪಿಗೂ ಆರು ತಿಂಗಳ ನಂತರ ವ್ಯತ್ಯಾಸ ಕಾಣಲಿಲ್ಲ. ಓದಿದಾಗ ನಿರಾಸೆಯಾಗಿತ್ತು, ನಾನು ಮಾಡುವುದರಲ್ಲೂ ಅರ್ಧ ಮನೆಯವರಿಗೆ ಕಲಿಸುವುದೇ. ಆದರೆ ಮನೆ ಮನೆ ಸುತ್ತಿದ ಮೇಲೆ ಅದು ಅಚ್ಚರಿ ಅನಿಸುವುದಿಲ್ಲ. ಬೆಳಿಗ್ಗೆ ರೊಟ್ಟಿ ಬಡಿದು, ಎಮ್ಮೆ ಹಿಂಡಿ, ಹೊಲಕ್ಕೆ ಕೂಲಿಗೆ ಹೋಗುವ ಸೊಸೆ ದಿನಕ್ಕೆ ಮೂರು ಸಲ ವ್ಯಾಯಾಮ ಮಾಡಿಸಲಿ ಎಂದರೆ ಯಾವ ಹೊತ್ತಿನಲ್ಲಿ ಮಾಡಿಸಬೇಕು? ಮುತ್ಯಾನನ್ನು ಎತ್ತಿ ಎತ್ತಿ ಅವಳ ಸೊಂಟವೇ ಹಿಡಿದಿತ್ತು. ಕೆಲವು ಮನೆಗಳಲ್ಲಿ ಎರಡನೇ ರೋಗಿ ಅಡುಗೆಮನೆಯಲ್ಲಿರುತ್ತಾಳೆ. ಅವಳ ಹೆಸರಿಗೆ ಫೈಲು ಇರುವುದಿಲ್ಲ.

ಪಕ್ಕದ ತಮಿಳುನಾಡು 2021ರ ಆಗಸ್ಟ್‌ನಲ್ಲಿ 'ಮಕ್ಕಳೈ ತೇಡಿ ಮರುತ್ತುವಂ' ಎಂಬ ಯೋಜನೆ ಶುರುಮಾಡಿತು. ಬಿಪಿ, ಶುಗರ್ ಮಾತ್ರೆಗಳ ಜತೆಗೆ ಫಿಜಿಯೋಥೆರಪಿಯನ್ನೂ ಮನೆ ಬಾಗಿಲಿಗೆ ಒಯ್ಯುವ ಯೋಜನೆ ಅದು. ನಮ್ಮಲ್ಲೂ 2024ರಲ್ಲಿ ಕೋಲಾರದಿಂದ 'ಗೃಹ ಆರೋಗ್ಯ' ಆರಂಭವಾಗಿದೆ. ಅದರ ಒತ್ತು ಬಿಪಿ, ಶುಗರ್‌ನಂಥ ಕಾಯಿಲೆಗಳ ತಪಾಸಣೆಯ ಮೇಲೆ. ಲಕ್ವಾ ಬಾರದಂತೆ ತಡೆಯಲು ಅದು ಬೇಕೇ ಬೇಕು. ಬಂದವರ ಮನೆಗೂ ಯಾರಾದರೂ ಹೋಗಬೇಕಲ್ಲ ಎಂಬುದು ನನ್ನ ತಕರಾರು. ಮಳೆಗಾಲದಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿದರೆ ನಾನು ಈಚೆ ದಂಡೆ, ರೋಗಿಗಳು ಆಚೆ ದಂಡೆ. ಸ್ಕೂಟಿ ಇರುವುದು ಒಂದೇ.

ಮುತ್ಯಾ ಈಗ ಹೊಸ್ತಿಲು ದಾಟುತ್ತಾರೆ. ಹನುಮಪ್ಪನ ಗುಡಿ ಕಟ್ಟೆವರೆಗೆ ಹೋಗಬೇಕೆಂಬುದು ಅವರ ಆಸೆ. ಮಧ್ಯೆ ಒಂದು ತೆರೆದ ಗಟಾರ ಇದೆ. ಬಲಗೈ ಇನ್ನೂ ಚಹಾ ಕಪ್ಪು ಹಿಡಿಯುವುದಿಲ್ಲ, ಹಿಡಿಯುತ್ತದೆಂದು ನಾನು ಮಾತು ಕೊಟ್ಟಿಲ್ಲ.

ಹೊಸದಾಗಿ ಡಿಸ್ಚಾರ್ಜ್ ಆದವರ ಮನೆಗೆ ಫೋನ್ ಮಾಡಿದಾಗ ನಾನೀಗ "ಹ್ಯಾಂಗ ಅದಾರ್ರಿ?" ಎಂದು ಕೇಳುವುದಿಲ್ಲ. ನಿನ್ನೆ ಸಂಕೇಶ್ವರದ ಹತ್ತಿರದ ಒಂದು ಮನೆಗೆ ಮಾಡಿದ್ದೆ. "ಅವರನ್ನ ಮಗ್ಗಲಕ್ಕ ಹೊರಳಿಸಿ, ಬೆನ್ನ ಕೆಳಗ ಎಲ್ಯಾರ ಕೆಂಪಾಗೇತೇನ ನೋಡಿ ಹೇಳ್ರಿ, ನಾ ಫೋನ್ ಇಡೂದಿಲ್ಲ" ಎಂದೆ. ಫೋನನ್ನು ಎಲ್ಲೋ ಇಟ್ಟ ಸದ್ದು, ಮಂಚದ ಕಿರ್‍ರೆನ್ನುವ ಸದ್ದು ಕೇಳಿತು. ಸ್ವಲ್ಪ ಹೊತ್ತಾದ ಮೇಲೆ ಆ ಹೆಣ್ಣುಮಗಳು, "ಹ್ಞೂಂರಿ ಅಕ್ಕಾರ, ರೂಪಾಯಿಯಷ್ಟ ಕೆಂಪ ಐತಿ" ಎಂದಳು.

ಹೆಲ್ಮೆಟ್ ಹಾಕಿಕೊಂಡೆ.